ತೆಂಗಿನಕಾಯಿಯ ಗುಮ್ಮ

ಗುಬ್ಬಿ
೧೨ ಜೂನ್ ೨೦೨೪

ಪ್ರೀತಿಯ ಅಜ್ಜೀ,

ಕಣ್ಣು ಹೇಗಿದೆ ಎಂದು ಆಮೇಲೆ ಕೇಳುತ್ತೇನೆ. ಮೊದಲು ಇದನ್ನು ಬರೆಯದಿದ್ದರೆ ಮತ್ತೆ ಧೈರ್ಯ ಬರುವುದಿಲ್ಲ. ಮೂರು ವರ್ಷದ ಹಿಂದೆ ನಾನು ಶಾಲೆ ಬಿಟ್ಟಿದ್ದು ನಿನಗೆ ಕಣ್ಣು ಕಾಣದು ಎಂದಲ್ಲ. ಇಂಗ್ಲಿಷ್ ಪಾಠ ಓದಲು ಎಬ್ಬಿಸಿದಾಗ ಒಂದು ಸಾಲೂ ಬಾರದೆ ಇಡೀ ಪೀರಿಯಡ್ ನಿಂತಿದ್ದೆ. ಆ ಹೆದರಿಕೆಗೆ ಬಿಟ್ಟೆ. ನೀನು ಬೀದಿಯವರಿಗೆಲ್ಲ "ನನ್ಗೋಸ್ಕರ ಓದು ಬಿಟ್ಟವ್ಳೆ ನನ್ ಮೊಮ್ಮಗ್ಳು" ಎಂದು ಕಣ್ಣೊರೆಸಿಕೊಳ್ಳುವಾಗ ಸುಮ್ಮನಿದ್ದೆ. ಯಾರಿಗೂ ಸುಳ್ಳು ಹೇಳದವಳು ನಿನಗೊಬ್ಬಳಿಗೇ ಹೇಳಿದೆ. ಅತ್ತೆ ಮಗಳು ದೀಪಿಕಾ ತಾನೇ ಇದನ್ನು ಓದಿ ಹೇಳುತ್ತಿರುವುದು? ದೀಪಿಕಾ, ಒಂದು ಸಾಲೂ ಹಾರಿಸಬೇಡ ಕಣೇ.

ಈಗ ಹೇಳು, ಪೊರೆ ತೆಗೆಸಿದ ಕಣ್ಣು ಹೇಗಿದೆ? ಅತ್ತೆ ಹೊತ್ತಿಗೆ ಸರಿಯಾಗಿ ಔಷಧಿ ಬಿಡುತ್ತಿದ್ದಾರಾ? ನಿನಗೆ ಕಣ್ಣು ಬಂತು, ನನ್ನ ನೆಪ ಹೋಯಿತು.

ಸುದ್ದಿ ಕೇಳು! ವೀರಭದ್ರಯ್ಯನವರ ಕಾಯಿ ಮಂಡಿಯಲ್ಲಿ ನನ್ನ ಕೆಲಸ ಗೊತ್ತಲ್ಲ, ಪೂಜೆಗೆ ಹೋಗುವ ಕಾಯಿಗೆ ಜುಟ್ಟು ಉಳಿಸುವುದು, ಮಿಕ್ಕಿದ್ದರದು ಕೀಳುವುದು. ಕಳೆದ ವಾರ ಜುಟ್ಟು ಕಿತ್ತ ಕಾಯಿಯೊಂದು ಮೂರು ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಮೂಟೆಯ ಮೇಲೆ ಇಂಗ್ಲಿಷಿನಲ್ಲಿ ಕೊಕೊನಟ್ ಎಂದಿತ್ತು. ನಟ್ ಎಂದರೆ ಕಾಯಿ, ಸರಿ, ಈ ಕೊಕೊ ಯಾರು ಎಂದು ಕೇಳಿದೆ. "ನಂಗೇನ್ ಗೊತ್ತವ್ವಾ, ನಾನ್ ಮಾರೋನು. ಲೈಬ್ರರಿಗೋಗಿ ಕೇಳು" ಎಂದು ವೀರಭದ್ರಯ್ಯನವರು ನಕ್ಕರು. ಹೋದೆ! ದಪ್ಪ ಡಿಕ್ಷನರಿ ಮುಂದೆ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಮೂರು ಸಂಜೆ ಕೂತೆ. ಹಿಂದೆ ಪೋರ್ಚುಗೀಸ್ ನಾವಿಕರು ಆ ಮೂರು ಕಣ್ಣು ನೋಡಿ ತಮ್ಮೂರಿನ ಕೊಕೊ ನೆನಪಾಗಿ ಹಾಗೆ ಕರೆದರಂತೆ. ಕೊಕೊ ಎಂದರೆ ಮಕ್ಕಳನ್ನು ಹೆದರಿಸುವ ಗುಮ್ಮ ಅಜ್ಜೀ, ಗುಮ್ಮ! ನಾನು ಹಟ ಮಾಡಿದಾಗ ನೀನು ಮೂರು ಕಣ್ಣಿನ ತೆಂಗಿನ ಚಿಪ್ಪು ಹಿಡಿದು "ಉಣ್ಣೇ, ಇಲ್ದಿದ್ರೆ ಗುಮ್ಮಂಗೆ ಕೊಟ್ಬುಡ್ತೀನಿ" ಎನ್ನುತ್ತಿದ್ದೆಯಲ್ಲ, ಅದೇ. ಶಾಲೆ ಮೆಟ್ಟಿಲು ಹತ್ತದ ನೀನೂ ಸಮುದ್ರ ದಾಟಿ ಬಂದ ಅವರೂ ಒಂದೇ ಮುಖ ಕಂಡಿದ್ದೀರಿ! ಜೋರಾಗಿ ನಕ್ಕು ಲೈಬ್ರರಿಯಲ್ಲಿ ಬೈಸಿಕೊಂಡೆ. ಇಂಗ್ಲಿಷ್ ಪದವೊಂದರಲ್ಲಿ ನಮ್ಮನೆಯ ಅಡುಗೆಕೋಣೆ ಕಂಡಿದ್ದು ಇದೇ ಮೊದಲು. ಈಗ ಕಂಡ ಗಿಡಮರದ ಹೆಸರನ್ನೆಲ್ಲ ಹುಡುಕಬೇಕು ಎನಿಸುತ್ತಿದೆ, ಕೂತಲ್ಲಿ ಕೂರಲಾಗುತ್ತಿಲ್ಲ.

ಸಿಟ್ಟು ಬಂದರೆ ಬೈದು ಬರೆಸು, ಸುಮ್ಮನಿರಬೇಡ. ಅತ್ತೆಗೆ ನಮಸ್ಕಾರ. ನಿನ್ನ ಕಾಲಿಗೆ ಬೀಳುವ,
ರೂಪಶ್ರೀ

ತಾ.ಕ.: ಭಾನುವಾರ ನಿನ್ನನ್ನು ಕರೆತರಲು ಕುಣಿಗಲ್‌ಗೆ ಬರುವವಳು ನಾನಲ್ಲ, ಸಂಗಮೇಶ್ ಚಿಕ್ಕಪ್ಪ. ಹತ್ತನೇ ಕ್ಲಾಸಿನ ಪರೀಕ್ಷೆ ಖಾಸಗಿಯಾಗಿ ಕಟ್ಟಲು ತುಮಕೂರಿನ ಟ್ಯುಟೋರಿಯಲ್‌ನಲ್ಲಿ ಹೆಸರು ಬರೆಸಿದ್ದೇನೆ. ಅಲ್ಲೇ ಉಪ್ಪಾರಹಳ್ಳಿಯಲ್ಲಿ ಗೆಳತಿಯ ರೂಮಿದೆ. ನಾಳೆ ಬೆಳಿಗ್ಗೆ ಏಳರ ರೈಲಿಗೆ ಹೊರಡುತ್ತೇನೆ.