ಬರಿತಲೆ ಜಾಥಾಕ್ಕೆ ಒಪ್ಪಿಗೆ ಕೇಳಿದವರಿಗೆ

ಎಕ್ಸ್-ರೇ ಕೋಣೆ,
ಸೋಮವಾರ ಮಧ್ಯಾಹ್ನ

ಅಂಕಣಕಾರ ಮಹಾಶಯರಿಗೆ,

ನಿಮ್ಮ ಕಾಗದವೂ ಅದರೊಳಗಿನ ಒಪ್ಪಿಗೆ ಪತ್ರವೂ ತಲುಪಿದವು. ಬೇರೆ ಮನೆ ಮಾಡಿದ ಎರಡು ವರ್ಷದಲ್ಲಿ ನೀವು ನನಗೆ ಬರೆದ ಮೊದಲ ಕಾಗದ ಇದು, ಅದೂ ನನ್ನ ಸಹಿ ಬೇಕಾಗಿದ್ದಕ್ಕೆ. ಹೇಗಿದ್ದೀಯ ಎಂದು ಒಂದು ಸಾಲು ಸೇರಿಸಿದ್ದರೆ ಪೆನ್ನಿನ ಶಾಯಿ ಮುಗಿದುಹೋಗುತ್ತಿತ್ತೇನೋ. ನಾನೂ ಕಾಗದದಲ್ಲೇ ಉತ್ತರಿಸುತ್ತಿದ್ದೇನೆ. ಫೋನಿನಲ್ಲಾದರೆ ನೀವು ಮಾತು ತಿರುಗಿಸುತ್ತೀರಿ.

ಸೈಕಲ್ ತುಳಿಯುವವರೆಲ್ಲ ಹೆಲ್ಮೆಟ್ ಹಾಕಲೇಬೇಕು ಎಂಬ ಕಾನೂನನ್ನು ನಗರಸಭೆ ಒಂದು ವರ್ಷದಿಂದ ಎಳೆದಾಡುತ್ತಿದೆ. ಅದನ್ನು ಖಂಡಿಸಿ ಬರುವ ಭಾನುವಾರ ನಿಮ್ಮ ನೇತೃತ್ವದಲ್ಲಿ ಬರಿತಲೆ ಜಾಥಾ ಅಂತೆ. ವರ್ತುಲ ರಸ್ತೆಯಲ್ಲಿ ಲಾರಿಗಳ ಪಕ್ಕದಲ್ಲೇ ನೂರು ಸೈಕಲ್ಲು, ಮುಂದಿನ ಸಾಲಿನಲ್ಲಿ ನಮ್ಮ ಮಗಳು ಪಿಟೀಲು. ಹನ್ನೊಂದು ವರ್ಷದ ಮಗಳನ್ನು ಬಾವುಟದ ಹಾಗೆ ಮುಂದೆ ಹಿಡಿದುಕೊಂಡು ಹೋಗುವ ಈ ಆಲೋಚನೆ ನಿಮಗೇ ಹೊಳೆಯಿತೋ, ಸಂಪಾದಕರು ಕೊಟ್ಟರೋ? ಅವಳು ಯಾರ ಹತ್ತಿರ ಇರಬೇಕೆಂದು ಕೋರ್ಟು ಇನ್ನೂ ಹೇಳಿಲ್ಲ. ಸದ್ಯ ನನ್ನ ಹತ್ತಿರ ಇದ್ದಾಳೆ, ಅದಕ್ಕೇ ಅಲ್ಲವೇ ನನ್ನ ಸಹಿ ಬೇಕಾಗಿರುವುದು.

ಆ ಕಾನೂನಿನ ಮೇಲೆ ನನಗೂ ದೊಡ್ಡ ಗೌರವವೇನಿಲ್ಲ. ಅದನ್ನು ಬರೆದ ಮಹಾನುಭಾವರು ಕಾರಿನ ಹಿಂದಿನ ಸೀಟಿನಿಂದ ಕೆಳಗಿಳಿದು ಎಷ್ಟು ವರ್ಷವಾಯಿತೋ. ಅವರಲ್ಲೊಬ್ಬರು ನಮ್ಮ ಆಸ್ಪತ್ರೆಗೆ ಪ್ರಚಾರದ ಫೋಟೋ ತೆಗೆಸಿಕೊಳ್ಳಲು ಬಂದಾಗ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ಹಲ್ಲು ಕಿರಿದರು. ಮೊದಲು ರಸ್ತೆಯ ಗುಂಡಿ ಮುಚ್ಚಿ, ಲಾರಿಗಳ ವೇಗ ಇಳಿಸಿ, ಆಮೇಲೆ ನಮ್ಮ ತಲೆಯ ತಂಟೆಗೆ ಬನ್ನಿ ಎಂದು ನೀವು ಬರೆದಾಗ ನಾನೂ ಊಟದ ಡಬ್ಬಿ ಪಕ್ಕಕ್ಕಿಟ್ಟು ತಲೆದೂಗಿದ್ದೆ. ದಂಡಕ್ಕೆ ಹೆದರಿ ಜನ ಸೈಕಲ್ಲನ್ನೇ ಮೂಲೆಗೆ ಹಾಕುತ್ತಾರೆ ಎಂದಿರಿ. ಅದೂ ಇದ್ದೀತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮರ್ಯಾದೆಯಾಗಿ ಇರುತ್ತಿತ್ತು. ಆದರೆ ಓದುಗರ ಚಪ್ಪಾಳೆ ನಿಮಗೆ ತಲೆಗೇರಿತು. ಮುಂದಿನ ವಾರ ಹೆಲ್ಮೆಟ್ “ಹೇಡಿಗಳ ಟೊಪ್ಪಿಗೆ” ಆಯಿತು. ಅದರ ಮುಂದಿನ ವಾರ ನೀವು ಹುಟ್ಟಿದಂದಿನಿಂದ ಗಾಳಿಗೆ ತಲೆಯೊಡ್ಡಿ ನಿಂತ ವೀರರಾದಿರಿ. ಎಲ್ಲ ವಾರವೂ ಓದಿದ್ದೇನೆ. ಹಲ್ಲುನೋವಿದ್ದವರು ನೋಯುವ ಹಲ್ಲನ್ನೇ ಮುಟ್ಟಿ ಮುಟ್ಟಿ ನೋಡುವುದಿಲ್ಲವೇ, ಹಾಗೆ.

ಓದಿದವಳು ನಾನೊಬ್ಬಳೇ ಆಗಿದ್ದರೆ ಚಿಂತೆಯಿರಲಿಲ್ಲ. ಪಿಟೀಲು ನಿಮ್ಮ ಅಂಕಣಗಳನ್ನು ಕತ್ತರಿಸಿ ಓದುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಅವಳ ಹೆಲ್ಮೆಟ್ ಈಗ ಅಡುಗೆಮನೆಯಲ್ಲಿ ಈರುಳ್ಳಿ ತುಂಬುವ ಬುಟ್ಟಿ. ಗದರಿದರೆ, “ಅಪ್ಪ ಹೇಡಿ ಅಲ್ಲ, ನಾನ್ಯಾಕೆ ಆಗ್ಲಿ?” ಅನ್ನುತ್ತಾಳೆ. ಬಸ್ ನಿಲ್ದಾಣದ ತಿರುವು ದಾಟಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವವಳು ಅವಳು. ಆ ತಿರುವಿನವರೆಗೆ ಗೇಟಿನಲ್ಲಿ ನಿಂತು ನೋಡುತ್ತೇನೆ. ಆಮೇಲೆ ಕಾಣುವುದಿಲ್ಲ.

ಕಳೆದ ವಾರ ಅವಳದೇ ಶಾಲೆಯ ಹುಡುಗಿಯೊಬ್ಬಳನ್ನು ತಂದು ನನ್ನ ಮೇಜಿನ ಮೇಲೆ ಮಲಗಿಸಿದರು. ಸೈಕಲ್ಲಿನಿಂದ ಬಿದ್ದಿದ್ದಳು. ಅಭ್ಯಾಸಬಲದಿಂದ, ಅಲುಗಾಡಬೇಡ ಮಗಳೇ ಎಂದೆ. ಅವಳು ಅಲುಗಾಡಲೇ ಇಲ್ಲ. ಈಗ ಕಣ್ಣು ಬಿಟ್ಟಿದ್ದಾಳೆ, ಆದರೆ ಸ್ವಂತ ಹೆಸರಿಗೂ ತಡಕಾಡುತ್ತಾಳೆ. ಇದನ್ನು ಅಂಕಣಕ್ಕೆ ಬಳಸಿಕೊಂಡೀರಿ, ಜೋಕೆ.

ಇನ್ನು ನಿಮ್ಮ ಶೌರ್ಯದ ವಿಷಯ. ನಿಮ್ಮ ಕಚೇರಿಗೆ ಒಂದು ಬೀದಿ ಮೊದಲು, ಮೂಲೆಯಲ್ಲಿ, ಚಪ್ಪಲಿ ಹೊಲಿಯುವ ಅಂಗಡಿಯಿದೆಯಲ್ಲ? ನನ್ನ ಚಪ್ಪಲಿಯ ಪಟ್ಟಿ ಕಿತ್ತುಹೋದ ದಿನ ಅಲ್ಲಿಗೆ ಹೋಗಿದ್ದೆ. ಗೋಡೆಯ ಮೊಳೆಯಲ್ಲಿ ಒಂದು ನೀಲಿ ಹೆಲ್ಮೆಟ್ ತೂಗುತ್ತಿತ್ತು. ಒಳಗೆ ನನ್ನದೇ ಅಕ್ಷರದಲ್ಲಿ ನಿಮ್ಮ ರಕ್ತದ ಗುಂಪು. ಮದುವೆಯಾದ ವರ್ಷ ನಾನೇ ಬರೆದುಕೊಟ್ಟದ್ದು. ಯಾರದಪ್ಪಾ ಇದು ಎಂದೆ. “ಪೇಪರಿನವರದ್ದಮ್ಮ. ದಿನಾ ಬೆಳಿಗ್ಗೆ ಹಾಕ್ಕೊಂಡು ಬರ್ತಾರೆ, ಇಲ್ಲಿ ತಗಲಾಕ್ತಾರೆ, ಕನ್ನಡಿ ನೋಡಿ ತಲೆ ಬಾಚ್ಕೊಂಡು ಆಫೀಸಿಗೆ ಹೋಗ್ತಾರೆ. ಸಂಜೆ ಮತ್ತೆ ಹಾಕ್ಕೊಂಡೇ ಮನೆಗೆ. ಬಹಳ ಜಾಗ್ರತೆ ಮನುಷ್ಯ!” ಎಂದ ಅಂಗಡಿಯವನು ಪಾಪ, ನಿಮ್ಮನ್ನು ಹೊಗಳುತ್ತಿದ್ದೇನೆಂದುಕೊಂಡು.

ಊರಿಗೆಲ್ಲ ಟೋಪಿ, ನಿಮಗೆ ಮಾತ್ರ ಹೆಲ್ಮೆಟ್! ಹೆದರುವುದು ತಪ್ಪಲ್ಲ. ದಿನವಿಡೀ ತಲೆಬುರುಡೆ ನೋಡುವ ನನಗೂ ಹೆದರಿಕೆಯಿದೆ. ನಿಮ್ಮ ಹೆದರಿಕೆಯನ್ನು ಮೊಳೆಗೆ ತಗಲಿಹಾಕಿ, ಮಗಳಿಗೆ ಧೈರ್ಯ ಕಲಿಸುತ್ತೀರಲ್ಲ, ಅದಕ್ಕೆ ನನಗೆ ನಿಮ್ಮನ್ನು ಕಂಡರೆ ಹೇಸಿಗೆ. ನಿಮ್ಮ ತಲೆಯೊಂದೇ ತಲೆ, ಅವಳದೇನು ಸೋರೆಬುರುಡೆಯೇ?

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಶನಿವಾರ ಸಂಜೆ ಆ ಹೆಲ್ಮೆಟ್ ಹಾಕಿಕೊಂಡು ನಮ್ಮ ಗೇಟಿನವರೆಗೆ ಬನ್ನಿ. ಪಿಟೀಲು ಎದುರು ನಿಂತು, “ನಾನು ಅಂಕಣದಲ್ಲಿ ಬರೆದದ್ದು ಸುಳ್ಳು” ಎಂದು ನಿಮ್ಮ ಬಾಯಿಂದಲೇ ಹೇಳಿ. ನಾನು ಹೇಳಿದರೆ ಅಪ್ಪನ ಮೇಲಿನ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾಳೆ. ಕಾನೂನು ಬೇಡ ಎಂದು ಬೇಕಾದಷ್ಟು ಕೂಗಿ, ನನ್ನ ಅಭ್ಯಂತರವಿಲ್ಲ.

ಕೋರ್ಟು ಬೇರೆ ಹೇಳುವವರೆಗೆ
ನಿಮ್ಮ ಹೆಂಡತಿ

ಮರೆತದ್ದು: ಮಂಗಳವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಅಂಚೆಚೀಟಿ ಹಚ್ಚಲು ಲಕೋಟೆಯನ್ನು ಪಿಟೀಲು ಕೈಗೆ ಕೊಟ್ಟೆ. ಅದರ ಬಾಯಿ ಅಂಟಿಸಿರಲಿಲ್ಲ. ಮರೆತೆನೋ, ಬೇಕೆಂದೇ ಬಿಟ್ಟೆನೋ, ನನಗೇ ತಿಳಿಯದು. ನಿಂತಲ್ಲೇ ಪೂರ್ತಿ ಓದಿದಳು. “ನಿಂಗೆ ಇದು ಯಾವಾಗಿಂದ ಗೊತ್ತು?” ಎಂದಷ್ಟೇ ಕೇಳಿದಳು. ಏಳು ತಿಂಗಳಿಂದ ಎಂದೆ. ಕೋರ್ಟಿನಲ್ಲಿ ನಿಮ್ಮನ್ನು ಕೆಡವಲು ಇಟ್ಟುಕೊಂಡಿದ್ದೆ. ಅಷ್ಟು ದಿನವೂ ಅವಳನ್ನು ಬರಿತಲೆಯಲ್ಲಿ ಕಳಿಸಿದ್ದೇನೆ. ಇವತ್ತು ಹೆಲ್ಮೆಟ್ ಹಾಕಿಕೊಂಡು ಶಾಲೆಗೆ ಹೋದಳು. ಹೊರಡುವ ಮೊದಲು, ಒಬ್ಬರೇ ಇರುವ ನಿಮ್ಮ ಅಮ್ಮನಿಗೆ ಫೋನ್ ಮಾಡಿ, ಅಜ್ಜಿ, ನಿಮ್ಮನೆಯಿಂದ ನನ್ನ ಸ್ಕೂಲಿಗೆ ಸೈಕಲ್ಲಲ್ಲಿ ಎಷ್ಟು ಹೊತ್ತಾಗುತ್ತೆ ಎಂದು ಕೇಳಿದಳು.