ಕೂಗಿಲ್ಲದ ವಾಸನೆ

ಇಳಕಲ್,
9 ಫೆಬ್ರುವರಿ 2025, ಭಾನುವಾರ

ಪ್ರೀತಿಯ ದಾದಾ,

ನಿಮ್ಮ ಮೊಮ್ಮಗಳು ಮುಬಶೀರಾಳ ಸಲಾಂ. ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ಬಾದಾಮಿಯ ಗುಡ್ಡ ನಿಜಕ್ಕೂ ಅಷ್ಟು ಕೆಂಪಗೆ ಕಾಣುತ್ತಿದೆಯೇ, ಇಲ್ಲಾ ದವಾಖಾನೆಯವರು ಕೊಟ್ಟ ಕಪ್ಪು ಕನ್ನಡಕವನ್ನು ಅಲ್ಲಿನ ಮಂಗಗಳು ಆಗಲೇ ಹೊತ್ತೊಯ್ದಿವೆಯೇ? ಫೋನಿನಲ್ಲಿ ಹೇಳಿದರೆ ನಿಮಗೆ ಅರ್ಧ ಕೇಳುತ್ತದೆ, ಉಳಿದರ್ಧವನ್ನು ನೀವೇ ಹುಟ್ಟಿಸಿಕೊಳ್ಳುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಶಮಶಾದಬಿ ಫುಫು ಓದಿ ಹೇಳಲಿ. ಅಪ್ಪನ ಮೇಲಿನ ಕಾಳಜಿಗೆ ಮಗಳು ನಡುವೆ ಯಾವ ಸಾಲನ್ನೂ ನುಂಗಬಾರದು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಸೇಫ್ಟಿ ಆಫೀಸರ್ ಆಗಿ ಸೇರಿದ ಕೋಲ್ಡ್ ಸ್ಟೋರೇಜು ನಮ್ಮ ಓಣಿಯ ಹಿಂದಿನ ಗೋಡೆಗೇ ಹತ್ತಿಕೊಂಡಿದೆಯಲ್ಲ. ಒಳಗೆ ಒಂದು ತುಂಡು ಮಂಜುಗಡ್ಡೆಯೂ ಇಲ್ಲದೆ ದಾಳಿಂಬೆ ಹೇಗೆ ತಣ್ಣಗಿರುತ್ತದೆ ಎಂದು ನೀವು ಹೋಗುವ ಮುನ್ನ ಕೇಳಿದ್ದಿರಿ. ಕೊಳವೆಗಳಲ್ಲಿ ಅಮೋನಿಯಾ ಸುತ್ತುತ್ತದೆ ದಾದಾ. ಕೋಣೆಯ ಬಿಸಿಯನ್ನು ಹೀರಿಕೊಂಡು ಆವಿಯಾಗುತ್ತದೆ, ಹೊರಗೆ ಹೋಗಿ ಆ ಬಿಸಿಯನ್ನು ಚೆಲ್ಲಿ ಮತ್ತೆ ದ್ರವವಾಗಿ ಬರುತ್ತದೆ. ಕೊಳವೆಯೊಳಗೆ ಇರುವತನಕ ಅದರಷ್ಟು ದುಡಿಯುವವರು ಇನ್ನೊಬ್ಬರಿಲ್ಲ. ಹೊರಗೆ ಬಂದರೆ ಮಾತ್ರ ಕಣ್ಣು, ಗಂಟಲು, ಎದೆ ಸುಡುತ್ತದೆ, ಹೆಚ್ಚಾದರೆ ಜೀವವನ್ನೇ ತೆಗೆಯುತ್ತದೆ. ಅದು ಹೊರಗೆ ಬರದಂತೆ ಕಾಯುವುದು, ಬಂದರೆ ಜನ ಎತ್ತ ಹೋಗಬೇಕೆಂದು ಕಲಿಸುವುದು ನನ್ನ ಕೆಲಸ. ಛಾವಣಿಯ ಮೇಲೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಟ್ಟಿಸಿದ್ದೇನೆ. ಓಣಿಯ ಮಕ್ಕಳು ಅದಕ್ಕೆ ‘ಆನಿ ಸೊಂಡಿ’ ಎಂದು ಹೆಸರಿಟ್ಟಿದ್ದಾರೆ. ‘ಘಾಟು ವಾಸನೆ ಬಂದರೆ ಗಾಳಿಗೆ ಅಡ್ಡಲಾಗಿ ದೂರ ನಡೆಯಿರಿ’ ಎಂದು ಅಚ್ಚು ಹಾಕಿಸಿ ಮನೆಮನೆಗೆ ಚೀಟಿಯನ್ನೂ ಹಂಚಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಕಳೆದ ಮಂಗಳವಾರ ಏನಾಯಿತು ಕೇಳಿ. ಯಂತ್ರಕ್ಕೆ ಹಾಕಿದ ಎಣ್ಣೆ ಸ್ವಲ್ಪಸ್ವಲ್ಪವೇ ಅಮೋನಿಯಾದ ಜೊತೆ ಹರಿದು ಟ್ಯಾಂಕಿನ ತಳದಲ್ಲಿ ಕೂರುತ್ತದೆ, ಅದನ್ನು ಆಗಾಗ ತೆಗೆಯಬೇಕು. ಆಪರೇಟರ್ ಹುಲ್ಲಪ್ಪ ಮುಖವಾಡ ಹಾಕಿಕೊಂಡೇ ತೆಗೆಯುತ್ತಿದ್ದ. ಎಣ್ಣೆ ಮುಗಿದದ್ದು ಗೊತ್ತಾಗುವಷ್ಟರಲ್ಲಿ ಬೆನ್ನಿಗೇ ಒಂದಿಷ್ಟು ಗ್ಯಾಸೂ ಬಂತು. ಕೈ ಬಿಟ್ಟ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ವಾಲ್ವನ್ನು ಜಗಳವಾಡಿ ಹಾಕಿಸಿದ್ದೆ, ಹಾಗಾಗಿ ಅಲ್ಲಿಗೇ ನಿಂತಿತು. ಗ್ಯಾಸು ಹೆಚ್ಚಾದರೆ ಗಂಟೆ ಬಾರಿಸುವ ಯಂತ್ರ ಅಷ್ಟು ಸ್ವಲ್ಪವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೂಗು ಬಿಡುತ್ತದೆಯೇ? ವಾಸನೆ ಗೋಡೆ ದಾಟಿ ಓಣಿಗೆ ಹೋಯಿತು. ಚೀಟಿ ಓದಿದವರು ಎತ್ತ ಹೋಗುತ್ತಾರೋ ನೋಡೋಣ ಎಂಬ ಕುತೂಹಲದಿಂದ ಗೇಟಿಗೆ ಓಡಿದೆ. ನೋಡಿದರೆ ಯಾರೂ ದೂರ ಹೋಗುತ್ತಿಲ್ಲ, ಎಲ್ಲರೂ ನಮ್ಮ ಕಡೆಗೇ ಬರುತ್ತಿದ್ದಾರೆ! ಎದುರು ಮನೆಯ ಶಾರವ್ವ ಮಗ್ಗ ಬಿಟ್ಟು ಎದ್ದು, ಸೊಂಟದ ಮೇಲೆ ದೊಡ್ಡ ಹಿತ್ತಾಳೆ ಪಾತೇಲಿ ಇಟ್ಟುಕೊಂಡು ಮುಂದೆ. ಅವಳ ಹಿಂದೆ ಪರಾತ, ಬೋಗುಣಿ ಹಿಡಿದ ಹೆಂಗಸರ ದಂಡು. ನನ್ನನ್ನು ಕಂಡವಳೇ, “ನಿಮ್ಮಜ್ಜ ಎಲ್ಲಿ ಕುಂತಾನವಾ? ಕಲಾಯಿ ವಾಸನಿ ಬಂತು, ರಾಜಮಹ್ಮದಣ್ಣ ಬಂದಾನಂತ ಓಡಿ ಬಂದ್ವಿ” ಎಂದಳು.

ಮೊದಲು ನಗು ಬಂತು. ಆಮೇಲೆ ಕೈ ಅಡ್ಡ ಹಿಡಿದು ಎಲ್ಲರನ್ನೂ ಗೇಟಿನಿಂದ ಹಿಂದಕ್ಕೆ ಕಳಿಸಿದೆ. ತವರದ ಕಲಾಯಿ ಹಾಕುವಾಗ ಕಾದ ಪಾತ್ರೆಗೆ ನೀವು ಉಜ್ಜುವ ನವಸಾಗರದ ಬಿಳಿ ಹೊಗೆಯಲ್ಲಿ ಇರುವುದೂ ಇದೇ ಅಮೋನಿಯಾ. ಚಿಕ್ಕಂದಿನಿಂದ ಅದನ್ನು ನಿಮ್ಮ ಅಂಗಿಯಲ್ಲಿ ಮೂಸಿದ್ದೇನೆ, ಕಾಲೇಜಿನಲ್ಲಿ ಅದರ ಸೂತ್ರ ಬರೆದು ಪಾಸಾಗಿದ್ದೇನೆ, ಎರಡೂ ಒಂದೇ ಎಂದು ಒಮ್ಮೆಯಾದರೂ ಹೊಳೆಯಬೇಕಲ್ಲ! ‘ಘಾಟು’ ಎಂದು ನಾನು ಬರೆದದ್ದನ್ನು ಅವರು ಮೆಣಸಿನಕಾಯಿ ಘಾಟು ಎಂದುಕೊಂಡಿದ್ದರಂತೆ. ನಮ್ಮ ಓಣಿಯಲ್ಲಿ ಈ ವಾಸನೆಗೆ ಇರುವುದು ನಿಮ್ಮ ಹೆಸರು. ನಿಮ್ಮ ಒಳ್ಳೆಯ ಹೆಸರೇ ನನಗೀಗ ಕಂಟಕವಾಗಿದೆ. ಅಂದು ಕೊಳವೆಯೇ ಒಡೆದಿದ್ದರೆ ಅವರೆಲ್ಲ ಪಾತ್ರೆ ಹಿಡಿದುಕೊಂಡು ನೇರ ಅದರ ಬಾಯಿಗೇ ಬರುತ್ತಿದ್ದರು.

ಅಂದಿನಿಂದ ತಲೆಯಲ್ಲಿ ನಿಮ್ಮ ಕಸುಬೇ ಕೂತಿದೆ. ‘ಕಲಾಯೀ’ ಎಂದು ಓಣಿಯುದ್ದ ಕೂಗುತ್ತ ಬಂದು, ಕುಲುಮೆ ಹೂಡುವ ಮುಂಚೆ ಚಿಟಿಕೆ ಬೂದಿ ತೂರುತ್ತಿದ್ದಿರಲ್ಲ, ಅದು ಹೊಗೆ ಎತ್ತ ಹೋಗುತ್ತದೆಂದು ತಿಳಿಯಲೋ, ಸುಮ್ಮನೆ ನಮ್ಮನ್ನು ನಗಿಸಲೋ? ನಾನು ಹತ್ತಿರ ಬಂದರೆ “ಪೀಛೆ ಬೈಠ್, ಬೇಟಿ” ಎಂದು ಯಾವಾಗಲೂ ಬೆನ್ನ ಹಿಂದೆ ಕೂರಿಸುತ್ತಿದ್ದಿರಿ. ಹೆಗಲ ಮೇಲಿನ ಒದ್ದೆ ಟವೆಲ್ಲು ಬೆವರಿಗೋ, ಮೂಗಿಗೋ? ನೀರು ಅಮೋನಿಯಾವನ್ನು ಬೇಗ ಹೀರುತ್ತದೆ, ನಮ್ಮ ತರಬೇತಿಯಲ್ಲೂ ಒದ್ದೆ ಬಟ್ಟೆಯ ಮಾತು ಬರುತ್ತದೆ. ನಿಮಗೆ ಅದನ್ನು ಯಾರು ಹೇಳಿಕೊಟ್ಟರು? ಇನ್ನೊಂದು ಪ್ರಶ್ನೆ, ಇದು ತಮಾಷೆಯದಲ್ಲ. ನಿಮ್ಮ ಹಳೆಯ ಕೆಮ್ಮು ಈ ಹೊಗೆಯಿಂದಲೇ ಬಂದದ್ದೇ? ಫುಫು ಕೇಳಿ ಬರೆಯಲಿ.

ಮರುದಿನವೇ ಹೊಸ ಚೀಟಿ ಮಾಡಿಸಿದೆ: ‘ಕಲಾಯಿ ವಾಸನೆ ಬಂದರೆ ದೂರ ನಡೆಯಿರಿ.’ ಶಾರವ್ವ ಓದಿ ಬಿದ್ದುಬಿದ್ದು ನಕ್ಕಳು. “ಹುಚ್ಚಿ ಅದೀಯೇನ? ಕಲಾಯಿ ವಾಸನಿಗೆ ಯಾರರ ಓಡಿ ಹೋಗ್ತಾರೇನ? ನಿಮ್ಮಜ್ಜ ತನ್ನ ಬಾಯಿಲೆ ಹೇಳಲಿ, ಆಗ ನಂಬ್ತೇನಿ.” ಓಣಿಯ ಎಲ್ಲರದೂ ಅದೇ ಹಟ. ಸೈರನ್ನಾದರೂ ಇದೆಯಲ್ಲ ಎಂದರೆ ಪವರ್‌ಲೂಮಿನ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ನನಗೆ ಸಿಟ್ಟು ಬಂತು, ನಿಮ್ಮ ಮೇಲೆ ಹೊಟ್ಟೆಕಿಚ್ಚೂ ಬಂತು.

ಅಬ್ಬಾ ಮತ್ತು ಅಮ್ಮಿ ಸಲಾಂ ಹೇಳಿದ್ದಾರೆ. ರೊಟ್ಟಿಗೆ ನೆಂಚಿಕೊಳ್ಳಲು ಅಮ್ಮಿ ನಿಮಗೆಂದು ಅಗಸಿ ಹಿಂಡಿ ಕುಟ್ಟಿಟ್ಟಿದ್ದಾಳೆ. ಕಣ್ಣಿಗೆ ಹನಿ ಹಾಕಿಸಿಕೊಳ್ಳುವಾಗ ಫುಫುವಿನ ಜೊತೆ ಜಗಳ ಬೇಡ. ನಿಮ್ಮ ದುವಾ ನನ್ನ ಮೇಲಿರಲಿ, ನಮ್ಮ ಕೊಳವೆಗಳ ಮೇಲೂ ಒಂದಿಷ್ಟಿರಲಿ.

ನಿಮ್ಮ
ಮುಬಶೀರಾ

ತಾ.ಕ.: ಬರೆಯಲು ಕೂತದ್ದೇ ಇದಕ್ಕೆ, ಅದನ್ನೇ ಬಿಟ್ಟೆ. ರಂಜಾನಿಗೆ ಮುಂಚೆ ಓಣಿಯವರನ್ನೆಲ್ಲ ಸೇರಿಸಿ ಗ್ಯಾಸು ಸೋರಿದಾಗಿನ ತಾಲೀಮು ಮಾಡುತ್ತೇವೆ. ನೀವು ಬರಬೇಕು. ಎಲ್ಲರ ಮನೆಗೂ ಸ್ಟೀಲು ಬಂತು, ಇನ್ನು ಆ ಓಣಿಯಲ್ಲಿ ನನ್ನನ್ನು ಯಾರು ಕೇಳುತ್ತಾರೆ ಎಂದು ಹೇಳಿ ಬಸ್ಸು ಹತ್ತಿದಿರಿ. ಕೇಳಿದರು ದಾದಾ, ನಾನೇ ಕಂಡೆ. ನೀವು ಅವರಿಗೆ ಹೇಳಬೇಕಾದ್ದು ಇಷ್ಟೇ: ‘ನನ್ನ ಕೂಗಿನ ಜೊತೆ ವಾಸನೆ ಬಂದರೆ ಪಾತ್ರೆ ತನ್ನಿ, ಕೂಗಿಲ್ಲದೆ ಬಂದರೆ ಪಾತ್ರೆ ಬಿಟ್ಟು ದೂರ ಓಡಿ.’ ಶಾರವ್ವ ಪಾತೇಲಿಯನ್ನು ವಾಪಸು ಒಯ್ದಿಲ್ಲ, ನಮ್ಮ ಕಟ್ಟೆಯ ಮೇಲೇ ಇಟ್ಟು ಹೋಗಿದ್ದಾಳೆ. ಗುಜರಿಗೆ ಹಾಕಿ ಎಂದಿದ್ದ, ಕುಲುಮೆ ಊದುವ ನಿಮ್ಮ ತಿದಿ ಮಂಚದ ಕೆಳಗೇ ಇದೆ. ಬರುವಾಗ ಓಣಿಯ ತುದಿಯಿಂದಲೇ ಕೂಗುತ್ತ ಬನ್ನಿ.