ಪಾಳು ಪಟ್ಟಣದ ನಿವಾಸಿ

ಪ್ರೀತಿಯ ಅಕ್ಕ,

ಮದುವೆಗೆ ಬೇಕಿದ್ದ ವಾಸದ ದೃಢೀಕರಣ ಕೊನೆಗೂ ಸಿಕ್ಕಿತು. ನಾನು ಪಾಠ ಮಾಡುವ ತಾಸ್ಗೂರ್ತ್ ಹಳ್ಳಿಗೂ ಗುಡ್ಡದ ಕೆಳಗಿನ ಪಾಳು ಪಟ್ಟಣಕ್ಕೂ ಒಂದೇ ಹೆಸರು. ನನ್ನ ವರ್ಗಾವಣೆ ಪತ್ರದಲ್ಲಿ ‘ಗ್ರಾಮ’ ಎಂಬ ಪದ ಬಿಟ್ಟುಹೋಗಿದೆ.

“ಬರೀ ತಾಸ್ಗೂರ್ತ್ ಅಂದ್ರೆ ಹಳೇ ಪಟ್ಟಣ, ಟೀಚರಮ್ಮ,” ಎಂದ ಕಚೇರಿಯ ಗುಮಾಸ್ತ. “ಅಲ್ಲಿ ಜನ ಇಲ್ದೆ ಎಂಟುನೂರು ವರ್ಷ ಆಯ್ತು.”

“ನಿಮ್ಮ ಪಕ್ಕದ ಮನೇಲೇ ಇದೀನಲ್ರೀ. ನಿನ್ನೆ ನಮ್ಮನೇಲಿ ಚಹಾ ಕುಡಿದ್ರಿ.”

“ಕುಡಿದೆ, ಇಲ್ಲ ಅಂದ್ನಾ? ಕಾಗದ ಹಂಗೆ ಹೇಳ್ಬೇಕಲ್ಲ. ಅಲ್ಲಿನ ಮುಕದ್ದಮನ ಸಾಕ್ಷಿ ತನ್ನಿ.”

ಯಾರು ಎಲ್ಲಿ ವಾಸ ಎಂದು ಸಾಕ್ಷಿ ಹೇಳುವವನು ಮುಕದ್ದಮ. ಪಾಳು ಪಟ್ಟಣಕ್ಕೆ ಅವನೆಲ್ಲಿಂದ ಬರಬೇಕು? ಅಲ್ಲಿ ಪ್ರವಾಸಿಗರಿಗೆ ಟಿಕೆಟ್ ಹರಿಯುವ ಹಮ್ಮು ಎಂಬ ಮುದುಕನನ್ನೇ ಹಿಡಿದೆ.

“ಯಾವ ಓಣಿ ಬರೀಲಿ, ಮಗಳೇ?” ಎಂದು ಕೇಳಿ, ಅವನೇ ಆರಿಸಿ ಬರೆದ: ‘ಸ್ನಾನಗೃಹದ ಹಿಂದೆ, ಎಣ್ಣೆಗಾಣದ ಪಕ್ಕ ವಾಸ. ನಡತೆ ಒಳ್ಳೆಯದು. ನೆರೆಯವರಿಂದ ದೂರಿಲ್ಲ.’

ಗುಮಾಸ್ತ ಮುದ್ರೆ ಒತ್ತಿದ.

ನೀನು ಕೇಳಿದ್ದೆಯಲ್ಲ, ನನ್ನ ಕೆಮ್ಮು ನಿಂತಿದೆ. ನಿಕಾಹ್ ಬರೆಯುವವರು ಶುಕ್ರವಾರ ಕಾಗದದಲ್ಲಿರುವ ಮನೆಗೇ ಬರುತ್ತಾರಂತೆ. ನೀನು ಗೋರಂಟಿಯ ಜೊತೆ ಗುಡಾರವನ್ನೂ ತಾ. ನನ್ನ ಮನೆಗೆ ಚಾವಣಿಯಿಲ್ಲ.

ಟಪಾಲು ಒಯ್ಯುವ ಬಸ್ಸು ಬಂತು.
ರಖೀಯಾ